ಅಳುವವರಿಗೂ ಒಂದು ಚೌಕ

ಚಿತ್ರದಲ್ಲಿ ಕಥೆ ಹೇಳುವುದು ಓದು ಬಾರದವರ ಪಾಡು, ಸಾವಿನಂಥ ಗಂಭೀರ ವಸ್ತುವನ್ನು ಚಿತ್ರಕಥೆಯ ಮಟ್ಟಕ್ಕೆ ಇಳಿಸುವುದು ಸಾಹಿತ್ಯಕ್ಕೆ ಮಾಡುವ ಅಪಚಾರ ಎಂದು ನನ್ನ ಹಿರಿಯ ಮಿತ್ರರೊಬ್ಬರು ಈಚೆಗೆ ಒಂದು ಸಭೆಯಲ್ಲಿ ಅಪ್ಪಣೆ ಕೊಡಿಸಿದರು. ವಿದ್ವಾಂಸರು, ಹಳಗನ್ನಡವನ್ನು ಅರೆದು ಕುಡಿದವರು. ಮಾತು ಮುಗಿದೊಡನೆ ಸಭೆ ಕೈಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾನೂ ಒಬ್ಬ. ಸಭಾಮರ್ಯಾದೆಯೆಂಬುದೊಂದು ಇದೆಯಲ್ಲ! ಆದರೆ ಮನೆಗೆ ಬಂದು ಅಂಗಿ ಕಳಚುವ ಹೊತ್ತಿಗೆ ನನ್ನ ಕೈಗಳ ಮೇಲೆ ನನಗೇ ಸಿಟ್ಟು ಬಂದಿತ್ತು. ಅಂದು ತಟ್ಟಿದ ಚಪ್ಪಾಳೆಯನ್ನು ಇಂದು ಈ ಪುಟದಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಸಿಟ್ಟಿಗೆ ಕಾರಣ ನಮ್ಮೂರಿನ ಒಂದು ನೋಟುಬುಕ್ಕು.

ನಮ್ಮೂರು ಚಿಮ್ಮಡ. ಮೊದಲು ಜಮಖಂಡಿ ತಾಲ್ಲೂಕಿನಲ್ಲಿದ್ದದ್ದು, ಈಗ ರಬಕವಿ-ಬನಹಟ್ಟಿ ತಾಲ್ಲೂಕಿಗೆ ಸೇರಿದೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಮಗ್ಗದ ಸಪ್ಪಳ. ಹೋದ ವರ್ಷ ಶ್ರಾವಣದಲ್ಲಿ ನನ್ನ ತಾಯಿ ಅಲ್ಲಿಯೇ ತೀರಿಕೊಂಡಳು. ತಮ್ಮನ ಮಗನಿಗೆ ಆಗ ಹನ್ನೊಂದು ವರ್ಷ. ಅವನು ಆಯಿಯ ಮಗ್ಗುಲಲ್ಲಿಯೇ ಮಲಗಿ ಬೆಳೆದವನು. ದಿನಗಳು ಮುಗಿದವು, ಬಂಧುಗಳು ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೊರಡುವ ಹೊತ್ತು. ಹುಡುಗನ ಗಣಿತದ ಚೌಕಳಿ ನೋಟುಬುಕ್ಕು ಯಾರದೋ ಕೈಗೆ ಸಿಕ್ಕಿತು. ಅದರಲ್ಲಿ ಲೆಕ್ಕಗಳಿರಲಿಲ್ಲ. ಸ್ಕೇಲು ಹಿಡಿದು ಎಳೆದ ದೊಡ್ಡ ಚೌಕಗಳು, ಚೌಕಗಳೊಳಗೆ ಆಯಿಯ ಸಾವು.

ಮೊದಲ ಚೌಕದಲ್ಲಿ ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ. ಮುಂದಿನದರಲ್ಲಿ ರಾತ್ರಿ, ಮೊಬೈಲು ಒಂದೇ ಬೆಳಕು. ಅದರ ಮುಂದೆ ಗೋಡೆಗೆ ಆನಿಸಿ ಕೂಡ್ರಿಸಿದ ದೇಹ, ಹಣೆತುಂಬ ವಿಭೂತಿ. ಚಸ್ಮಾ ಮಾತ್ರ ಹಾಗೆಯೇ ಇದೆ! ಅದನ್ನು ತೆಗೆದಿಟ್ಟಿದ್ದೆವು, ಆದರೆ ಚಸ್ಮಾ ಇಲ್ಲದ ಆಯಿ ಅವನ ಪಾಲಿಗೆ ಆಯಿಯೇ ಅಲ್ಲವೇನೋ. ಬಳಿಕ ವಿಮಾನ, ಭಜನೆಯವರು. ಆಮೇಲೆ ಕುಣಿ. ಕುಣಿಯ ಚೌಕದಲ್ಲಿ ಮುಖಗಳೇ ಇಲ್ಲ, ಸುತ್ತ ನಿಂತವರ ಕಾಲುಗಳು ಮಾತ್ರ. ದೊಡ್ಡವರ ಸಂದಿಯಲ್ಲಿ ನಿಂತ ಹುಡುಗನಿಗೆ ಕಂಡದ್ದು ಅಷ್ಟೇ, ಕಂಡದ್ದನ್ನಷ್ಟೇ ಬರೆದಿದ್ದಾನೆ. ಅಲ್ಲಿಂದ ಮುಂದೆ ನಾಲ್ಕು ಚೌಕಗಳಲ್ಲಿ ಒಂದೇ ಚಿತ್ರ: ಗೋಡೆಯ ಮೊಳೆಗೆ ತೂಗುಹಾಕಿದ ಆಯಿಯ ಎಲೆಅಡಿಕೆಯ ಚೀಲ. ಒಂದರಲ್ಲಿ ಅದರ ಮೇಲೆ ಬೆಳಗಿನ ಬಿಸಿಲು. ಒಂದರಲ್ಲಿ ನಡುಹಗಲು. ಒಂದರಲ್ಲಿ ದೀಪ. ಕೊನೆಯದು ಪೂರಾ ಕಪ್ಪು, ಚೀಲದ ಅಂಚು ಮಾತ್ರ ಪೆನ್ಸಿಲಿನ ಬಿಳಿಗೆರೆಯಾಗಿ ಉಳಿದಿದೆ. ಅದರ ಮುಂದೆ ಇನ್ನೊಂದು ಚೌಕ ಎಳೆದು ಖಾಲಿ ಬಿಟ್ಟಿದ್ದ.

“ಏನ್ ಹುಡುಗನೋ ಇಂವಾ! ಲೆಕ್ಕಾ ಮಾಡಂತ ಪುಸ್ತಕಾ ಕೊಟ್ರ ಹೆಣಾ ತಗದ ಕುಂತಾನ!” ಎಂದು ಒಬ್ಬರು. “ಹರದ ಒಲಿಗೆ ಹಾಕ್ರಿ, ಅಪಶಕುನ” ಎಂದು ಇನ್ನೊಬ್ಬರು. ಕಲಿತವರೊಬ್ಬರಿದ್ದರು, ನಿವೃತ್ತ ಮಾಸ್ತರರು, ಅವರು ಮೆಲ್ಲಗೆ, “ಚಂದಾಗಿ ನಿಬಂಧ ಬರೀಬೇಕಪಾ, ‘ನನ್ನ ಅಜ್ಜಿ’ ಅಂತ. ಚಿತ್ರ ಸಣ್ಣವರದು” ಎಂದರು. ನನ್ನ ವಿದ್ವಾಂಸ ಮಿತ್ರರು ಸಭೆಯಲ್ಲಿ ಹೇಳಿದ್ದೂ ಇದನ್ನೇ. ಇಂಥ ಮಾತಿಗೆ ನಾನು ಚಪ್ಪಾಳೆ ತಟ್ಟಿ ಬಂದೆನಲ್ಲ!

ಗ್ರಾಫಿಕ್ ಕಾದಂಬರಿ, ನಮ್ಮ ಮಾತಿನಲ್ಲಿ ಚಿತ್ರಕಾದಂಬರಿ, ಎಂಬ ಹೆಸರು ಜನರ ಬಾಯಿಗೆ ಬಂದದ್ದೇ ಒಂದು ಸಾವಿನಿಂದ. ಅಮೆರಿಕದ ವಿಲ್ ಐಸ್ನರ್ 1978ರಲ್ಲಿ ‘ದೇವರೊಡನೆ ಒಂದು ಕರಾರು’ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ತಂದ. ಆ ಸಂಜ್ಞೆ ಮೊದಲೇ ಇತ್ತು. ಬಳಕೆಗೆ ಬಿದ್ದದ್ದು ಈ ಪುಸ್ತಕದಿಂದ. ಅದಕ್ಕೆ ಎಂಟು ವರ್ಷ ಹಿಂದೆ, 1970ರಲ್ಲಿ, ಅವನ ಹದಿನಾರು ವರ್ಷದ ಮಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಕಥೆಯ ಹಿಂದೆ ಈ ದುಃಖವಿದೆಯೆಂದು ಆತ ಬಹುಕಾಲ ಬಾಯಿ ಬಿಡಲಿಲ್ಲ. ನನ್ನ ಮಗಳು ಬೆಂಗಳೂರಿನಿಂದ ಆ ಪುಸ್ತಕ ತಂದುಕೊಟ್ಟಾಗ ನಾನು ಅದನ್ನು ಮೂಗು ಮುರಿಯುತ್ತಲೇ ತೆರೆದೆ.

ಕಥೆ ಇಷ್ಟು. ಫ್ರಿಮೆ ಹೆರ್ಷ್ ಎಂಬ ಬಡ ಯಹೂದಿ. ಹುಡುಗನಾಗಿದ್ದಾಗ ದೇವರೊಡನೆ ಕರಾರು ಮಾಡಿಕೊಂಡು ಅದನ್ನು ಒಂದು ಸಣ್ಣ ಕಲ್ಲಿನ ಮೇಲೆ ಬರೆದಿಟ್ಟುಕೊಂಡಿದ್ದಾನೆ: ತಾನು ಒಳ್ಳೆಯವನಾಗಿ ಬಾಳುವುದು, ದೇವರು ಕಾಪಾಡುವುದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ಬಾಡಿಗೆ ಚಾಳದಲ್ಲಿ ಬದುಕುತ್ತಾನೆ. ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸನ್ನು ರಾಖೆಲೆ ಎಂದು ಕರೆದು ಸಾಕುತ್ತಾನೆ. ಹುಡುಗಿ ಬೆಳೆದು ಕಣ್ಮುಂದೆ ಸಾಯುತ್ತಾಳೆ. ಪುಸ್ತಕ ಆರಂಭವಾಗುವುದು ಅವಳನ್ನು ಮಣ್ಣು ಮಾಡಿ ಅವನು ಮನೆಗೆ ಬರುವಲ್ಲಿ. ಮಳೆ, ಪುಟಪುಟವೂ ಮಳೆ. ಅದರಡಿಯಲ್ಲಿ ಬೆನ್ನು ಬಾಗಿಸಿ ನಡೆಯುವ ಒಬ್ಬ ಮನುಷ್ಯ. ಮೆಟ್ಟಿಲು, ಬಾಗಿಲು, ಕುರ್ಚಿ. ಮಾತು ಬಹಳ ಕಡಿಮೆ. ನನ್ನಂಥ ಆತುರದ ಓದುಗನೂ ಅಲ್ಲಿ ಹಾಳೆ ತಿರುಗಿಸಲು ಹಿಂಜರಿದ. ಗದ್ಯದಲ್ಲಾದರೆ ‘ಧಾರಾಕಾರವಾಗಿ ಮಳೆ ಸುರಿಯುತ್ತಿತ್ತು’ ಎಂಬ ವಾಕ್ಯವನ್ನು ಕಣ್ಣು ಎರಡು ಕ್ಷಣದಲ್ಲಿ ದಾಟುತ್ತದೆ, ಇಲ್ಲಿ ದಾಟಲಾಗಲಿಲ್ಲ.

ಆಮೇಲೆ ಹೆರ್ಷ್ ದೇವರನ್ನು ಬೈದು ಕಲ್ಲನ್ನು ಕಿಟಕಿಯಿಂದ ಆಚೆ ಎಸೆಯುತ್ತಾನೆ. ಗಡ್ಡ ಬೋಳಿಸಿ ಹಣವಂತನಾಗುತ್ತಾನೆ, ಅದೇ ಚಾಳದ ಮಾಲೀಕನಾಗುತ್ತಾನೆ. ಕಡೆಗೆ ಮನಸ್ಸು ನಿಲ್ಲದೆ ಧರ್ಮದ ಹಿರಿಯರಿಂದ ಹೊಸ ಕರಾರು ಬರೆಸಿಕೊಂಡು, ಇನ್ನು ಹೊಸ ಬಾಳೆಂದು ಹಿಗ್ಗುವ ಹೊತ್ತಿಗೆ ಎದೆ ಒಡೆದು ಸಾಯುತ್ತಾನೆ. ಹಳೆಯ ಕಲ್ಲು ಬೀದಿಯ ಒಬ್ಬ ಹುಡುಗನಿಗೆ ಸಿಗುತ್ತದೆ. ಅವನು ಅದರ ಮೇಲೆ ತನ್ನ ಹೆಸರು ಬರೆದುಕೊಳ್ಳುತ್ತಾನೆ. ಸಾವು, ಅಳಲು, ಮರುಹುಟ್ಟು, ಎಲ್ಲ ಇದೆ. ಆದರೆ ಮರುಹುಟ್ಟು ಸತ್ತವಳಿಗಲ್ಲ, ಆ ಕರಾರಿಗೆ. ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಹೆರ್ಷನ ಪ್ರೇಯಸಿ ಕಾಗದದ ಬೊಂಬೆಯಂತಿದ್ದಾಳೆ; ಆವೇಶದ ಮುಖಗಳು ಕಂಪನಿ ನಾಟಕದವರ ಮುಖಗಳಂತೆ ಹಿಗ್ಗಿವೆ. ಇರಲಿ. ಮಗಳನ್ನು ಕಳಕೊಂಡ ಅಪ್ಪನೊಬ್ಬ ಪದಗಳಿಗೆ ಹೇಳಲಾಗದ್ದನ್ನು ಮಳೆಗೆ ಹೇಳಿದ್ದಾನೆ. ಅದು ಸಣ್ಣವರ ಕೆಲಸವೆ?

“ಅದು ಪರದೇಶದವರದು, ನಮ್ಮ ಮಣ್ಣಿನದಲ್ಲ” ಎನ್ನುವವರುಂಟು. ಈ ಮಾತು ಕೇಳಿದರೆ ನನಗೆ ನಗು ಬರುತ್ತದೆ. ಕರ್ನಾಟಕದಲ್ಲಿ ಊರ ಹೊರಗಿನ ಗುಡಿಯ ಗೋಡೆಗೆ ಆನಿಸಿಟ್ಟ ಒಂದು ವೀರಗಲ್ಲನ್ನು ನೀವು ಕಂಡಿರಲೇಬೇಕು. ಐಹೊಳೆಗೆ ಹೋದವರು ಗುಡಿಗಳನ್ನು ನೋಡಿದ ಮೇಲೆ ಇವನ್ನೂ ಸ್ವಲ್ಪ ನಿಂತು ನೋಡಲಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ: ಕತ್ತಿ, ಬಿಲ್ಲು, ಹಲವೆಡೆ ದನಗಳ ಹಿಂಡು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಆತ ಶಿವಸನ್ನಿಧಿಯಲ್ಲಿ ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ಚೌಕದಿಂದ ಚೌಕಕ್ಕೆ ಸಾಗುವ ಚಿತ್ರಕಥೆ ಇದಲ್ಲದೆ ಮತ್ತೇನು? ವ್ಯತ್ಯಾಸವಿಷ್ಟೇ: ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಓದು ಬಾರದ ರೈತನೂ ಓದಿದ, ಶಾಸನ ಬರೆದ ಕವಿಯೂ ಓದಿದ. ಅದರಿಂದ ಸಾಹಿತ್ಯಕ್ಕೆ ಅಪಚಾರವಾಯಿತೆಂದು ಯಾರೂ ದೂರಿದಂತಿಲ್ಲ. ವೀರನನ್ನು ಒಯ್ಯುವ ಆ ವಿಮಾನದ ಹೆಸರು ನಮ್ಮ ಕಡೆ ಇನ್ನೂ ಹೆಣದ ಮೆರವಣಿಗೆಗೆ ಉಳಿದುಕೊಂಡಿದೆ. ತಮ್ಮನ ಮಗ ವಿಮಾನ ಬರೆದಾಗ ಯಾವ ಪರದೇಶವನ್ನೂ ನಕಲು ಮಾಡಿರಲಿಲ್ಲ.

ಆದರೆ ವೀರಗಲ್ಲಿನ ಮೇಲೆ ನನಗೂ ಒಂದು ತಕರಾರಿದೆ. ಕೆಳಗೆ ಸಾಯುತ್ತಾನೆ, ನಡುವೆ ಹಾರುತ್ತಾನೆ, ಮೇಲೆ ಕೂಡುತ್ತಾನೆ. ಸರಿ, ಮನೆಯಲ್ಲಿ ಉಳಿದವರು? ಅವನ ತಾಯಿ ಎಲ್ಲಿ? ಬಾಗಿಲಲ್ಲಿ ಕಾಯುವ ಕೂಸು ಎಲ್ಲಿ? ಮೂರು ಪಟ್ಟಿಕೆಗಳಲ್ಲಿ ಅಳುವವರಿಗೆ ಒಂದೂ ಇಲ್ಲ. ಹೆಂಡತಿಗೆ ಕಲ್ಲಿನಲ್ಲಿ ಜಾಗ ಸಿಗಬೇಕಾದರೆ ಅವಳೂ ಬೆಂಕಿಗೆ ಬೀಳಬೇಕು. ಆಗ ಮಾಸ್ತಿಕಲ್ಲು, ಬಳೆ ತೊಟ್ಟ ಮೇಲೆತ್ತಿದ ಒಂದು ತೋಳು. ಸತ್ತರೆ ಕಲ್ಲುಂಟು, ಅತ್ತರೆ ಇಲ್ಲ.

ಅಪವಾದವಾಗಿ ನನಗೆ ನೆನಪಾಗುವುದು ಒಂದು ನಾಯಿಯ ಕಲ್ಲು. ಮದ್ದೂರು ಸೀಮೆಯ ಆತಕೂರಿನಲ್ಲಿ ಸುಮಾರು 949ರಲ್ಲಿ ನೆಟ್ಟದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನ ಬೇಟೆನಾಯಿ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆತ ಕಲ್ಲು ನೆಡಿಸಿ ಭೂಮಿ ಬಿಟ್ಟುದಲ್ಲದೆ, ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದು ಬರೆಸಿದ. ಅಲ್ಲಿ ಸ್ವರ್ಗದ ಮೆರವಣಿಗೆಯಿಲ್ಲ. ನಾಯಿ ಮತ್ತು ಹಂದಿ ಮುಖಾಮುಖಿ, ಅಷ್ಟೇ. ದುಃಖವೆಲ್ಲ ಆ ಆಣೆಯಲ್ಲಿದೆ. ‘ನಾನು ಮರೆಯಲಾರೆ, ನೀನೂ ಮರೆಯಬೇಡ’ ಎನ್ನುವ ಮನುಷ್ಯನ ದನಿ ಸಾವಿರ ವರ್ಷದ ಮೇಲೂ ಕೇಳಿಸುತ್ತದೆ. ಆಪ್ತರಿಗೆ ಆಗದ್ದು ನಾಯಿಗಾಯಿತಲ್ಲ ಎಂದು ಒಮ್ಮೊಮ್ಮೆ ಬೇಸರವಾಗುವುದೂ ಉಂಟು.

ಕಲ್ಲಿನ ಈ ಚಾಳಿ ಕಾಗದಕ್ಕೂ ಬಂತು. ಅಮರ ಚಿತ್ರ ಕಥೆಯನ್ನು ಓದದ ಮಧ್ಯಮವರ್ಗದ ಮನೆ ಯಾವುದು? ಅದರ ಸಂಪಾದಕ ಅನಂತ ಪೈ ನಮ್ಮ ಕಾರ್ಕಳದವರೇ, 1929ರಲ್ಲಿ ಹುಟ್ಟಿದವರು. ಆ ಮಾಲೆಯ ಮೊದಲ ಕಂತುಗಳು 1965ರಲ್ಲಿ ಕನ್ನಡದಲ್ಲಿಯೇ, ಪಾಶ್ಚಾತ್ಯ ಕಥೆಗಳಾಗಿ, ಹೊರಬಂದವೆಂದು ಬೆಂಗಳೂರಿನ ಜಿ.ಕೆ. ಅನಂತರಾಮ್ ಹೇಳಿದ್ದುಂಟು. ಆ ಪುಸ್ತಕಗಳ ಋಣ ನನ್ನ ಮೇಲೂ ಇದೆ, ಅಲ್ಲಗಳೆಯಲಾರೆ. ಆದರೆ ಅಲ್ಲಿ ಸಾವಿಗೆ ಎಷ್ಟು ಅವಸರ! ನಚಿಕೇತ ಯಮನ ಮನೆಗೆ ಹೋಗಿ ವರ ತರುತ್ತಾನೆ, ಸತ್ಯವಾನ ಹಾಳೆ ತಿರುಗಿಸುವುದರೊಳಗೆ ಎದ್ದು ಕೂಡುತ್ತಾನೆ. ಮೂವತ್ತೆರಡು ಪುಟದಲ್ಲಿ ಎಲ್ಲವೂ ಮುಗಿಯಬೇಕಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಡಿನಲ್ಲಿ ಕುಳಿತ ಹೆಣ್ಣಿನ ಆ ಒಂದು ಸಂಜೆಗೆ ಮೂವತ್ತೆರಡು ಪುಟ ಕೊಟ್ಟಿದ್ದರೆ? ನಮ್ಮ ಮಿತ್ರರು ಚಿತ್ರಕಥೆ ಹುಡುಗಾಟಿಕೆ ಎನ್ನುವುದು ಇಂಥವನ್ನು ನೋಡಿಯೇ. ಆದರೆ ಅದು ಚಿತ್ರದ ದೋಷವಲ್ಲ, ಅವಸರದ ದೋಷ.

ಮಿತ್ರರ ಇನ್ನೊಂದು ವಾದ ಸ್ವಲ್ಪ ತೂಕದ್ದು. ಕರುಣರಸ ಹುಟ್ಟುವುದು ಶಬ್ದದಿಂದ. ಚಿತ್ರ ಎಲ್ಲವನ್ನೂ ತೋರಿಸಿ ಸಹೃದಯನ ಕಲ್ಪನೆಗೆ ಕೆಲಸವಿಲ್ಲದಂತೆ ಮಾಡುತ್ತದೆ ಎಂಬುದು. ಇದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಿಲ್ಲ. ಚಿಮ್ಮಡದಿಂದ ಮಹಾಲಿಂಗಪುರದ ಮೇಲೆ ಹಾದು ಹೋದರೆ ಮುಧೋಳ, ಹತ್ತನೆಯ ಶತಮಾನದ ರನ್ನ ಹುಟ್ಟಿದ ಊರು. ಬಳೆಗಾರರ ಮನೆಯ ಹುಡುಗ, ಕವಿಚಕ್ರವರ್ತಿಯಾದ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ರಣಭೂಮಿಯಲ್ಲಿ ನಡೆದುಹೋಗುತ್ತಾನೆ. ದ್ರೋಣನ ಹೆಣ, ನಿಲ್ಲುತ್ತಾನೆ. ಅಭಿಮನ್ಯುವಿನ ಹೆಣ, ನಿಂತು ವೈರಿಯ ಮಗನ ಶೌರ್ಯವನ್ನು ಕೊಂಡಾಡುತ್ತಾನೆ. ಸ್ವಂತ ಮಗ ಲಕ್ಷಣ, ತಮ್ಮ ದುಶ್ಶಾಸನ, ಪ್ರಾಣಮಿತ್ರ ಕರ್ಣ. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ, ಅಳುತ್ತಾನೆ, ಮತ್ತೆ ಹೆಜ್ಜೆ ಇಡುತ್ತಾನೆ. ಇವು ಚೌಕಗಳಲ್ಲವೆ? ಒಂದು ಹೆಣದಿಂದ ಇನ್ನೊಂದು ಹೆಣದವರೆಗಿನ ಹೆಜ್ಜೆಗಳಲ್ಲಿ ದುರ್ಯೋಧನನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ರನ್ನ ನಮಗೆ ಬಿಟ್ಟಿದ್ದಾನೆ. ಚಿತ್ರಕಾದಂಬರಿಯೂ ಎರಡು ಚೌಕಗಳ ನಡುವಿನ ಬಿಳಿ ಸಂದಿಯನ್ನು ಓದುಗನಿಗೇ ಬಿಡುತ್ತದೆ. ಕಲ್ಪನೆಗೆ ಕೆಲಸವಿಲ್ಲವೆಂದರೆ ಹೇಗೆ? ಎಲೆಅಡಿಕೆಯ ಚೀಲ ನಾಲ್ಕು ಸಲ ಬಂದಾಗ ಆ ನಾಲ್ಕರ ನಡುವೆ ಮೂರು ಸಂದಿಗಳಿದ್ದವು. ನಾನು ಅತ್ತದ್ದು ಆ ಸಂದಿಗಳಲ್ಲಿ.

ರನ್ನನನ್ನು ಓದಿದ ನಾಡು ಚಿತ್ರಕ್ಕೆ ಹೆದರಬೇಕಾಗಿಲ್ಲ. ವಸ್ತುವೂ ಅವನ ಬಳಿಯೇ ಸಿದ್ಧವಾಗಿದೆ. 993ರ ಅವನ ‘ಅಜಿತಪುರಾಣ’ ಬರೆಸಿದವಳು ಅತ್ತಿಮಬ್ಬೆ. ಅಕ್ಕತಂಗಿಯರಿಬ್ಬರೂ ಒಬ್ಬನ ಹೆಂಡಿರು. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ, ಮಗ ಸಣ್ಣವನಿದ್ದ. ಆಕೆ ಉಳಿದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ನಾವು ಶಾಲೆಯಲ್ಲಿ ಕಲಿತದ್ದು ದಾನಚಿಂತಾಮಣಿಯ ಕೀರ್ತಿಯನ್ನು. ಆದರೆ ತಂಗಿಯ ಚಿತೆ ಆರಿದ ಮರುದಿನ ಬೆಳಗ್ಗೆ ಅತ್ತಿಮಬ್ಬೆ ಎದ್ದು ಏನು ಮಾಡಿದಳು? ಮಗುವಿಗೆ ಏನು ಹೇಳಿದಳು? ಸಾವಿರ ಪ್ರತಿಗಳ ಮೊದಲ ಗರಿಗೂ ಆ ಬೆಳಗಿಗೂ ನಡುವೆ ಎಷ್ಟು ಕಾಲ? ಮರುಹುಟ್ಟು ಎಂದರೆ ನನಗೆ ಇದು. ಸತ್ತವರು ಹಿಂದಿರುಗುವುದಲ್ಲ, ಉಳಿದವರು ಹಿಂದಿರುಗುವುದು. ಇಂಥದನ್ನು ಬರೆಯುವ ಕುಂಚವೊಂದು ಕನ್ನಡದಲ್ಲಿ ಇರಲೇಬೇಕು. ನನ್ನ ಕಪಾಟಿನಲ್ಲಿ ಮಾತ್ರ ಅಂಥ ಕನ್ನಡ ಪುಸ್ತಕ ಒಂದೂ ಇಲ್ಲ.

ಮರುಹುಟ್ಟಿನ ಮಾತು ಬಂತು. ಅದರಲ್ಲಿ ನಮ್ಮ ಮನೆಯ ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ನಾವು ಲಿಂಗವಂತರು. ಸತ್ತವರು ಲಿಂಗೈಕ್ಯರು, ಮರುಜನ್ಮವಿಲ್ಲ ಎನ್ನುವ ಮಠದ ಮಾತನ್ನು ಎಲ್ಲರೂ ಒಪ್ಪುತ್ತೇವೆ. ಆದರೆ ಆಯಿ ಹೋದ ನಾಲ್ಕು ತಿಂಗಳಿಗೆ ನನ್ನ ತಂಗಿಯ ಮಗಳಿಗೆ ಹೆಣ್ಣುಕೂಸು ಹುಟ್ಟಿದಾಗ, ಅದೇ ಹೆಂಗಸರು ತೊಟ್ಟಿಲು ತೂಗುತ್ತ “ಆಯಿ ಬಂದಳು ನೋಡ್ರಿ, ಮೂಗು ಥೇಟ್ ಆಕಿದs” ಎಂದರು. ಆಯಿಯ ಹೆಸರನ್ನೇ ಇಟ್ಟರು. ತತ್ತ್ವ ಒಂದು ಕಡೆ, ತೊಟ್ಟಿಲು ಒಂದು ಕಡೆ. ಇದನ್ನು ಅಜ್ಞಾನವೆಂದು ನಾನು ಜರೆಯುವುದಿಲ್ಲ. ನನ್ನ ಜಗಳ ಅವಸರದ ಸಮಾಧಾನದೊಂದಿಗೆ ಮಾತ್ರ: “ಅಳಬ್ಯಾಡೋ, ಆಯಿ ಮತ್ತ ಹುಟ್ಟಿ ಬಂದಾಳಲ್ಲ” ಎಂದು ಹುಡುಗನ ಬಾಯಿ ಮುಚ್ಚಿಸಿದ್ದು. ನಡುವಿನ ಪಟ್ಟಿಕೆಯನ್ನು ಮತ್ತೆ ಹಾರಿಸಿದ ಹಾಗಾಯಿತು.

ಹೊರಗಿನವರು ಈ ವಿಷಯದಲ್ಲಿ ಹಾರುವುದಿಲ್ಲ. ಜಪಾನಿನ ತೆಜುಕಾ ಬೆಂಕಿಯಲ್ಲಿ ಸತ್ತು ಹುಟ್ಟುವ ಹಕ್ಕಿಯ ಕಥೆಯನ್ನು 1989ರಲ್ಲಿ ತಾನು ಸಾಯುವವರೆಗೂ ಪೂರೈಸಲಿಲ್ಲ. ಬ್ರೆಜಿಲಿನ ಅವಳಿ ಸಹೋದರರಾದ ಫಾಬಿಯೊ ಮೂನ್, ಗೇಬ್ರಿಯಲ್ ಬಾ ಇಬ್ಬರೂ ಕೂಡಿ ಬರೆದ ‘ಡೇಟ್ರಿಪ್ಪರ್’ನಲ್ಲಿ ನಾಯಕ ಅಧ್ಯಾಯದ ಕೊನೆಗೆ ಸಾಯುತ್ತಾನೆ, ಮುಂದಿನ ಅಧ್ಯಾಯದಲ್ಲಿ ಬೇರೊಂದು ವಯಸ್ಸಿನಲ್ಲಿ ಬದುಕಿರುತ್ತಾನೆ. ಅವನ ವೃತ್ತಿಯೋ, ಪತ್ರಿಕೆಗೆ ನಿಧನವಾರ್ತೆ ಬರೆಯುವುದು! ನಮ್ಮ ದೇಶದಲ್ಲಿಯೂ 1994ರಲ್ಲಿ ಓರಿಜಿತ್ ಸೇನ್ ನರ್ಮದೆಯ ಮುಳುಗಡೆಯನ್ನು ‘ರಿವರ್ ಆಫ್ ಸ್ಟೋರೀಸ್’ ಎಂದು ಚಿತ್ರಿಸಿದರು. ಅದನ್ನು ಓದುವಾಗ ನನಗೆ ಹಳೆಯ ಬಾಗಲಕೋಟೆ ಕಣ್ಣೆದುರು ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲಿಟ್ಟರು. ಕೃಷ್ಣೆಯ ಹಿನ್ನೀರು ಏರಿ ಬೀದಿಗಳನ್ನೂ ಹಳ್ಳಿಗಳನ್ನೂ ನುಂಗಿತು. ಪಕ್ಕದಲ್ಲಿ ನವನಗರ ಎದ್ದಿತು. ಸಾವೂ ಆಯಿತು, ಮರುಹುಟ್ಟೂ ಆಯಿತು. ನಡುವಿನದನ್ನು ಯಾರು ಬರೆದರು? ಪರಿಹಾರದ ಕಾಗದಗಳಲ್ಲಿ ಅದಕ್ಕೊಂದು ಕಲಮು ಇರಲಿಲ್ಲ.

ಚಿತ್ರಕಾದಂಬರಿಯ ಹೆಸರಿನಲ್ಲಿ ಕಸವೂ ಬರುತ್ತದೆ, ಬರಲಿದೆ. ಹೆಣಗಳನ್ನು ಬಣ್ಣಬಣ್ಣವಾಗಿ ತೋರಿಸಿ ದುಡ್ಡು ಮಾಡುವವರು ಹುಟ್ಟುತ್ತಾರೆ. ಪದ್ಯದಲ್ಲಿ ಕಸ ಬಂದಿಲ್ಲವೆ? ಬೆಲೆಯೂ ಹೆಚ್ಚು, ನನ್ನ ಮಗಳು ತಂದ ಪುಸ್ತಕದ ಬೆಲೆ ಕೇಳಿ ನಾನು ಎರಡು ದಿನ ಮುಖ ಸಿಂಡರಿಸಿಕೊಂಡಿದ್ದೆ. ಆದರೆ ವಿಮರ್ಶಕರು ಮೊದಲೇ ಬಾಗಿಲು ಹಾಕಿಕೊಂಡು ಕೂತರೆ ಒಳ್ಳೆಯದನ್ನು ಕಸದಿಂದ ಆರಿಸುವವರು ಯಾರು? ನನ್ನ ಹಿರಿಯ ಮಿತ್ರರು ಹಾಗೆ ಆರಿಸಬಲ್ಲ ಕಣ್ಣುಳ್ಳವರು. ಅದಕ್ಕೇ ಅವರ ಮೇಲೆ ಇಷ್ಟು ಸಿಟ್ಟು.

ಆ ನೋಟುಬುಕ್ಕನ್ನು ಒಲೆಗೆ ಹಾಕಲು ಬಿಡಲಿಲ್ಲ. ನನ್ನ ತಮ್ಮ, ಜೀವನದಲ್ಲಿ ಚಿತ್ರದ ಕಡೆ ಕಣ್ಣೆತ್ತಿ ನೋಡದ ಮಗ್ಗದ ಮನುಷ್ಯ, ಅದನ್ನು ಒರಸಿ ಟ್ರಂಕಿನೊಳಗೆ ಆಯಿಯ ಸೀರೆಗಳ ನಡುವೆ ಇಟ್ಟ. ಮೊನ್ನೆ ಊರಿಗೆ ಹೋದಾಗ ಒಂದು ಗೆರೆಯಿಲ್ಲದ ದಪ್ಪ ಹಾಳೆಯ ಪುಸ್ತಕ ಒಯ್ದುಕೊಟ್ಟೆ. ಹುಡುಗ ಅದನ್ನು ಮೂಸಿ ನೋಡಿ ಮಗ್ಗುಲಿಗಿಟ್ಟು, ಟ್ರಂಕು ತೆಗೆದು ಹಳೆಯದನ್ನೇ ತಂದ. ಕೊನೆಯ ಚೌಕ ಇನ್ನೂ ಖಾಲಿಯೇ ಇತ್ತು. ಒಳಗೆ ತೊಟ್ಟಿಲಲ್ಲಿ ಆಯಿಯ ಹೆಸರಿನ ಕೂಸು ಅಳುತ್ತಿತ್ತು. ನಾನು, ನಾನೇ ಬೈದ ಅವಸರಕ್ಕೆ ಬಿದ್ದು, “ಇದರಾಗ ಕೂಸಿನ ಚಿತ್ರ ತಗೀತೀಯೇನೋ?” ಎಂದು ಕೇಳಿಬಿಟ್ಟೆ.

ಅವನು ನೋಟುಬುಕ್ಕಿನಿಂದ ಕಣ್ಣೆತ್ತದೆ, “ಈಗ ಬ್ಯಾಡ ದೊಡ್ಡಪ್ಪಾ. ಚೀಲಾ ಇನ್ನಾ ಗ್ವಾಡೀಮ್ಯಾಲೇ ಐತಿ” ಎಂದ.